ಒಂದೇ ಮುಖದ ಸಭೆ

ಬಹಳ ಹಿಂದೆ, ಹೊಂಗಿರಿ ಎಂಬ ರಾಜ್ಯವಿತ್ತು. ಅಲ್ಲಿ ರಾಜನಿರಲಿಲ್ಲ. ಬೆಟ್ಟದವರು, ಹೊಳೆಯವರು, ಕುರಿ ಕಾಯುವವರು, ನೇಯುವವರು ತಮ್ಮೊಳಗೊಬ್ಬರನ್ನು ಆರಿಸಿ ಸಭೆಗೆ ಕಳಿಸುತ್ತಿದ್ದರು.

ಆದರೆ ಸಭೆಯ ಬಾಗಿಲಲ್ಲಿ ಭಸ್ಮಜಟಿ ಎಂಬ ಮಾಂತ್ರಿಕನಿದ್ದ. ಬಂದವರಿಗೆಲ್ಲ ಅವನೊಂದು ಶಾಲು ಹೊದಿಸುತ್ತಿದ್ದ. ಹೊದ್ದ ಕೂಡಲೇ ಎಲ್ಲರಿಗೂ ಒಂದೇ ಮುಖ, ಒಂದೇ ಬಿಳಿ ಮೀಸೆ, ಒಂದೇ ದನಿ. ಅವನು ಹೇಳಿದ್ದಕ್ಕೆಲ್ಲ ಅವರು "ಹಾಗೇ ಆಗಲಿ" ಎನ್ನುತ್ತಿದ್ದರು.

ಹೊಳೆಯವರು ಆರಿಸಿದ್ದ ಬೀರನಿಗೂ ಹೀಗೇ ಆಯಿತು. ಊರಿಗೆ ಬಂದವನು ಹೆತ್ತ ತಾಯಿಯನ್ನೇ "ಯಾರಮ್ಮ ನೀನು?" ಎಂದು ಕೇಳಿ ಸಭೆಗೇ ಮರಳಿ ಹೋದ. ಮುಂದಿನ ಸಲ ದೋಣಿ ನಡೆಸುವ ಅವನಕ್ಕ ಸಂಕವ್ವ ನಿಂತು ಗೆದ್ದಳು.

"ಒಬ್ಬನನ್ನ ಕಳಕೊಂಡೆ. ನಿನ್ನನ್ನೂ ಕಳಿಸಲಾ?" ಎಂದಳು ತಾಯಿ.

"ನಾನು ಹೋಗದಿದ್ದರೆ ಅವನನ್ನ ಕರೆತರೋರು ಯಾರವ್ವ?"

ಸಭೆಗೆ ಮೂರು ಬಾಗಿಲು. ಮೊದಲನೆಯದರಲ್ಲಿ ತಾಮ್ರದ ಹುಲಿ ಅಡ್ಡ ನಿಂತಿತು. "ಈ ಸೀರೆ ಬಿಟ್ಟು ರೇಷ್ಮೆ ಉಡು."

"ನನ್ನ ಜನ ಆರಿಸಿದ್ದು ಈ ಸೀರೆಯವಳನ್ನೇ." ಹುಲಿ ಸರಿಯಿತು.

ಎರಡನೆಯದರಲ್ಲಿ ಏಳು ಹೆಡೆಯ ಹಾವು. "ನಿನ್ನದು ಸಭೆಯ ಮಾತಲ್ಲ. ನಾಲಿಗೆ ಇಲ್ಲೇ ಇಟ್ಟು ಹೋಗು."

"ನಮ್ಮೂರ ಕಷ್ಟ ಬೇರೆಯವರ ನಾಲಿಗೆಯಲ್ಲಿ ಹೇಗೆ ಹೇಳಲಿ?" ಹಾವು ಹೆಡೆ ತಗ್ಗಿಸಿತು.

ಮೂರನೆಯದರಲ್ಲಿ ಭಸ್ಮಜಟಿಯೇ ಶಾಲು ಹಿಡಿದು ನಿಂತಿದ್ದ. "ಹೊದ್ದುಕೋ ತಾಯಿ. ಎಲ್ಲರೂ ಕೈಮುಗಿಯುತ್ತಾರೆ."

ಶಾಲು ಹೂವಿನಷ್ಟು ಮೆತ್ತಗಿತ್ತು. ಅದನ್ನು ಮುಟ್ಟಬೇಕೆಂದು ಸಂಕವ್ವನಿಗೆ ಆಸೆಯಾಯಿತು. ಅಷ್ಟರಲ್ಲಿ ಬೀರ ಮನೆ ಬಾಗಿಲಿಂದ ತಿರುಗಿ ಹೋದದ್ದು ನೆನಪಾಯಿತು. "ನನಗೆ ಚಳಿಯಿಲ್ಲ ಸ್ವಾಮಿ" ಎಂದು ಒಳಗೆ ನಡೆದಳು.

ಒಳಗೆ ಸಾಲುಸಾಲಾಗಿ ಒಂದೇ ಮುಖ. ಬೀರ ಯಾರೆಂದು ತಿಳಿಯಲಿಲ್ಲ.

"ನಾಳೆಯಿಂದ ಹೊಳೆಗೆ ದೋಣಿ ಇಳಿಸಕೂಡದು" ಎಂದ ಮಾಂತ್ರಿಕ.

"ಹಾಗೇ ಆಗಲಿ" ಎಂದಿತು ಸಭೆ.

"ಬೇಡ" ಎಂದಳು ಸಂಕವ್ವ.

ಅಲ್ಲಿ ಆ ಮಾತು ಯಾರೂ ಆಡಿರಲಿಲ್ಲ. ಕಂಬಗಳು ನಡುಗಿದವು. ಅವಳು ಮೊದಲನೆಯವನ ಬಳಿ ಹೋಗಿ "ನಿನ್ನನ್ನ ಕಳಿಸಿದವರು ಯಾರಪ್ಪ?" ಎಂದಳು. ಅವನು "ಹಾಗೇ ಆಗಲಿ" ಎಂದ. ಎರಡನೆಯವನ ತುಟಿ ಅಲುಗಿತು. ಮೂರನೆಯವನು ತಡವರಿಸಿದ: "ಹೊಳೆ... ಹೊಳೆಯವರು."

"ದೋಣಿ ಇಳಿಯದಿದ್ದರೆ ಅವರು ಏನು ತಿನ್ನಬೇಕು?"

ಅವನ ಶಾಲು ಬೂದಿಯಾಗಿ ಉದುರಿತು. ಮೀಸೆ ಹೋಯಿತು. ಬಿಸಿಲಲ್ಲಿ ಕಪ್ಪಾದ ಬೀರನ ಮುಖ ಹೊರಬಂತು. "ಅಕ್ಕ" ಎಂದು ಅವಳ ಕೈ ಹಿಡಿದುಕೊಂಡ.

ಉಳಿದವರೂ "ನಿನ್ನನ್ನ ಕಳಿಸಿದವರು ಯಾರು?" ಎಂದು ಒಬ್ಬರನ್ನೊಬ್ಬರು ಕೇಳತೊಡಗಿದರು. ಶಾಲುಗಳೆಲ್ಲ ಉದುರಿದವು. ಒಬ್ಬ ಕುರುಬ, ಒಬ್ಬ ಕುಂಟುಗಾಲಿನ ನೇಕಾರ, ಮತ್ತೊಂದು ಮೀಸೆಯ ಹಿಂದೆ ಜೇನು ಬಿಡಿಸುವ ಬೆಟ್ಟದ ಮುದುಕಿ. ಅವಳು ತುಟಿ ಒರೆಸಿಕೊಂಡು ನಕ್ಕಳು. "ಈ ಮೀಸೆ ಎಷ್ಟು ಕಡೀತಿತ್ತು ಅಂತೀಯ ಮಗಳೇ."

"ಹಾಗೇ ಆಗಲಿ ಅನ್ನಿ" ಎಂದು ಭಸ್ಮಜಟಿ ಅಬ್ಬರಿಸಿದ. ಯಾರೂ ಅನ್ನಲಿಲ್ಲ. ಅವನು ಕರಗಿ ಹೊಗೆಯಾಗಿ ಕಿಟಕಿಯಿಂದ ಹೋದವನು ಮತ್ತೆ ಬರಲಿಲ್ಲ.

ಆ ದಿನ ಸಭೆಯವರು ಮಧ್ಯಾಹ್ನದವರೆಗೆ ಜಗಳವಾಡಿದರು, ಒಟ್ಟಿಗೆ ಉಂಡರು, ಮತ್ತೆ ಜಗಳವಾಡಿದರು. ಸಂಜೆಗೆ ಎಲ್ಲರೂ ಒಪ್ಪಿದ ಮೊದಲ ಕಾನೂನು ಹುಟ್ಟಿತು: ಹೊಳೆ ಎಲ್ಲರದು. ಊರಲ್ಲಿ ತಾಯಿ ಮಗನ ಮುಖವನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

ಆಮೇಲೆ ಹೊಂಗಿರಿಯ ಸಭೆಯಲ್ಲಿ ಗದ್ದಲ ತಪ್ಪಲಿಲ್ಲ. ಜನ ಮಾತ್ರ ಸುಖವಾಗಿ ಬಾಳಿದರು.