ಕಟ್ಟಿದ ಓಣಿ

"ಊರಲ್ಲಿರೋ ಯಾವ ರಸ್ತೆ ಬೇಕಾದ್ರೂ ಕಟ್ಟು, ನಾನು ಕೇಳಲ್ಲ," ಎಂದರು ಲ್ಯಾಬಿನ ಕೌಂಟರಮ್ಮ. "ಚರ್ಮದ ಕಾರ್ಖಾನೆ ಹಿಂದಿನ ಓಣಿ ಒಂದನ್ನ ಬಿಟ್ಬಿಡು."

ಹೊಸಬ ನಕ್ಕ. ಅವನ ತೋಳಿನಲ್ಲಿದ್ದ ಐಸ್ ಡಬ್ಬಿಯೊಳಗೆ ರಕ್ತದ ಕೊಳವೆಗಳು ಕಟಕಟ ಎಂದವು.

ಊರಿನ ಸಣ್ಣಪುಟ್ಟ ಕ್ಲಿನಿಕ್ಕುಗಳಲ್ಲಿ ತೆಗೆದ ರಕ್ತವೆಲ್ಲ ಪರೀಕ್ಷೆಗೆ ಬರುವುದು ಈ ಲ್ಯಾಬಿಗೆ. ತರುವುದು ಡ್ರೈವರುಗಳ ಕೆಲಸ. ತೆಗೆದು ಎರಡು ಗಂಟೆ ಮೀರಿದ ಮೇಲೆ ಬಂದ ರಕ್ತವನ್ನು ಕೌಂಟರಮ್ಮ ಮುಲಾಜಿಲ್ಲದೆ ವಾಪಸು ತಳ್ಳುತ್ತಾರೆ, ತಳ್ಳಿಸಿಕೊಂಡ ಡ್ರೈವರು ಇಡೀ ದಿನ ಮುಖ ಊದಿಸಿಕೊಂಡು ತಿರುಗುತ್ತಾನೆ. ಹಾಗಾಗಿ ಅಲ್ಲಿನವರು ಒಂದು ವಿದ್ಯೆ ಕಲಿತಿದ್ದರು. ದಾರಿ ತೋರಿಸುವ ಆ್ಯಪ್‌ನಲ್ಲಿ 'ರಸ್ತೆ ಮುಚ್ಚಿದೆ' ಎಂದು ಸುಳ್ಳು ಸುದ್ದಿ ಹಾಕುವುದು. ಮೂರು ಫೋನಿನಿಂದ ಹಾಕಿದರೆ ಸಾಕು, ಆ್ಯಪು ನಂಬಿ ಊರಿನ ಗಾಡಿಗಳನ್ನೆಲ್ಲ ಬೇರೆ ಕಡೆ ತಿರುಗಿಸುತ್ತದೆ. ಖಾಲಿ ರಸ್ತೆಯಲ್ಲಿ ಸುದ್ದಿ ಹಾಕಿದವನೊಬ್ಬ ಹಾಯಾಗಿ ಹೋಗುತ್ತಾನೆ. ಇದಕ್ಕೆ ಅವರು 'ಕಟ್ಟುವುದು' ಎನ್ನುತ್ತಿದ್ದರು. ಈ ಕೆಲಸ ಮಾಡದ ಡ್ರೈವರು ಇಡೀ ಲ್ಯಾಬಿಗೆ ಒಬ್ಬನೇ. ಅವನ ವಿಷಯ ಆಮೇಲೆ ಬರುತ್ತದೆ, ಬರದೆ ಎಲ್ಲಿಗೆ ಹೋದೀತು.

"ಆ ಓಣೀಲಿ ಏನಿದೆ ಅಂತ?" ಹೊಸಬ ಕೇಳಿದ.

"ಒಂದು ಮನೆ ಇತ್ತು. ತಾಯಿ, ಮಗಳು. ಜಾಗದ ಜಗಳ ಬಂದು ಕಾರ್ಖಾನೆಯವರು ಓಣಿಯ ಎರಡೂ ತುದಿಗೆ ಗೇಟು ಜಡಿದ್ರು. ಮಗಳಿಗೆ ವಿಪರೀತ ಜ್ವರ. ಆಚೆ ಕರ್ಕೊಂಡು ಹೋಗಕ್ಕೆ ದಾರಿ ಇಲ್ಲ. ತಾಯಿ ಮೂರು ದಿನ ಕೂಗಿದ್ಲಂತೆ." ಮುದ್ರೆ ಒತ್ತುತ್ತಿದ್ದ ಕೈ ನಿಂತಿತು. "ಮಗಳು ಹೋದ್ಮೇಲೆ, ಅವಳ ಕೂದಲು ತಗೊಂಡು ಗೇಟಿಗೆ ಮೂರು ಗಂಟು ಹಾಕಿದ್ಲು. ದಾರಿ ಕಟ್ಟಿದವನು ದಾರೀಲೇ ಉಳೀಲಿ ಅಂದ್ಲು. ಗೇಟು ತೆಗೆಸ್ತೀನಿ ಅಂತ ಒಳಗೆ ಹೋದ ಕಾರ್ಖಾನೆ ಯಜಮಾನ ಇನ್ನೂ ಆಚೆ ಬಂದಿಲ್ಲ."

"ಗಂಟು ಬಿಚ್ಚಿದ್ರೆ ಆಯ್ತಲ್ಲ."

"ಕಟ್ಟಿದವನ ಕೈಲಿ ಬಿಚ್ಚಕ್ಕಾಗಲ್ಲ ಕಣಪ್ಪ. ಬೇರೆ ಯಾರೋ ಅಲ್ಲಿಗೆ ಬಂದು, ನಿನ್ನನ್ನ ಕಂಡು, ಇದಾನೆ ಅನ್ನಬೇಕು. ಕಾಣಬೇಕಲ್ಲ, ಅದೇ ಕಷ್ಟ."

"ಮಾಟಕ್ಕೂ ನೆಟ್‌ವರ್ಕ್ ಸಿಗತ್ತೇನಮ್ಮ? ನಮ್ಮ ಮನೇಲಿ ನಂಗೇ ಸಿಗಲ್ಲ," ಎಂದು ಹೊಸಬ ಖಾಲಿ ಡಬ್ಬಿ ಎತ್ತಿಕೊಂಡು ಹೊರಟ. ಕೌಂಟರಮ್ಮ ನಗಲಿಲ್ಲ, ಗಡಿಯಾರ ನೋಡಿ ಅವನ ರಕ್ತಕ್ಕೆ ಮುದ್ರೆ ಒತ್ತಿದರು.

ಬಾಗಿಲ ಪಕ್ಕದ ಗೋಡೆಯ ಮೇಲೆ ಒಂದು ಹಲಗೆ. ತಿಂಗಳಿನ ಅತಿ ಚುರುಕು ಡ್ರೈವರಿನ ಫೋಟೋ ಅಲ್ಲಿ ಅಂಟಿಸುತ್ತಾರೆ. ಹದಿನಾಲ್ಕು ತಿಂಗಳಿಂದ ಒಂದೇ ಮುಖ, ಬರಬರುತ್ತಾ ಫೋಟೋ ಬದಲಾಯಿಸುವುದನ್ನೂ ನಿಲ್ಲಿಸಿದ್ದರು. ಆ ಮುಖ ಹೊಸಬನ ಷಡ್ಡಕನದು, ಅಂದರೆ ಹೆಂಡತಿಯ ಅಕ್ಕನ ಗಂಡನದು. ರಸ್ತೆ ಕಟ್ಟದ ಆ ಒಬ್ಬ ಡ್ರೈವರೂ ಅವನೇ. ಹೊಸಬ ಅವನನ್ನು ಬಾಯಿ ತುಂಬ ಭಾವ ಎನ್ನುತ್ತಿದ್ದ. ಒಳಗೊಳಗೇ ಕರೆಯುತ್ತಿದ್ದ ಹೆಸರುಗಳನ್ನು ಬರೆಯುವಂತಿಲ್ಲ.

ಹೊಸಬನ ಅಂಗಡಿ ಮುಚ್ಚಿದಾಗ ಈ ಕೆಲಸ ಕೊಡಿಸಿದ್ದು ಭಾವನೇ. ಆಮೇಲೆ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು, ಜಗಳವಾಡಿ ಹೊಟ್ಟೆ ತಣ್ಣಗೆ ಮಾಡಿಕೊಳ್ಳಬಹುದಿತ್ತು. ಬೈಯಲು ಒಂದು ತಪ್ಪೂ ಸಿಗದ ಮನುಷ್ಯನ ಮೇಲೆ ಉರಿಯುವ ಹೊಟ್ಟೆಕಿಚ್ಚು ಬಲು ಕೆಟ್ಟದ್ದು. ಅದಕ್ಕೆ ಹೊರಗೆ ಹೋಗಲು ಜಾಗವಿಲ್ಲ, ಒಳಗೇ ಬೇಯಿಸುತ್ತದೆ.

ಅದಕ್ಕಿಂತ ಹೆಚ್ಚು ಬೇಯಿಸುತ್ತಿದ್ದುದು ಒಂದು ಶಬ್ದ. ಹೊಸಬನ ಎಂಟು ವರ್ಷದ ಮಗಳು ಭಾವನನ್ನು ದೊಡ್ಡಪ್ಪ ಎನ್ನುತ್ತಿದ್ದಳು. ಎನ್ನಬೇಕಾದದ್ದೇ, ತಾಯಿಯ ಅಕ್ಕನ ಗಂಡ. ಆದರೆ ಹೊಸಬನ ಕಿವಿಗೆ 'ದೊಡ್ಡ' ಮಾತ್ರ ಕೇಳಿಸುತ್ತಿತ್ತು. ಭಾವ ದಿನವೂ ಅವಳನ್ನು ಶಾಲೆಯಿಂದ ತನ್ನ ಗಾಡಿಯಲ್ಲಿ ಕರೆತರುತ್ತಿದ್ದ. ರಾತ್ರಿ ಊಟಕ್ಕೆ ಕೂತರೆ ಅದೇ ಸುದ್ದಿ.

"ಅಪ್ಪ, ದೊಡ್ಡಪ್ಪನ ಗಾಡೀಲಿ ಫೋನು ಕೇಳೋ ಪ್ರಶ್ನೆಗೆಲ್ಲ ನಾನೇ ಉತ್ರ ಒತ್ತೋದು ಗೊತ್ತಾ? ಗುಂಡಿ ಇನ್ನೂ ಇದೆಯೇ, ಗಾಡಿ ಇನ್ನೂ ನಿಂತಿದೆಯೇ ಅಂತೆಲ್ಲ ಕೇಳತ್ತೆ. ನಾನು ಕಿಟಕೀಲಿ ನೋಡಿ ಇದೆ, ಇಲ್ಲ ಅಂತ ಒತ್ತುತೀನಿ."

"ಜಾಣೆ," ಎಂದ ಹೊಸಬ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

ಆ ವಾರ ಶಾಲೆಯಲ್ಲಿ ಮಕ್ಕಳ ಭಾಷಣದ ಸ್ಪರ್ಧೆ. ಶುಕ್ರವಾರ ನಾಲ್ಕು ಗಂಟೆಗೆ. "ಮುಂದಿನ ಸಾಲಲ್ಲಿ ಬ್ಯಾಗ್ ಇಟ್ಟು ಒಂದು ಕುರ್ಚಿ ಹಿಡ್ಕೋತೀನಿ," ಎಂದಳು ಮಗಳು. "ಅಮ್ಮಂಗೆ ಹಿಂದೆ ಕೂತ್ರೇ ಧೈರ್ಯವಂತೆ."

"ಅದರಲ್ಲಿ ಕೂರೋದು ಯಾರು?"

ಮಗಳು ಉತ್ತರ ಹೇಳುವ ಮೊದಲೇ ಹೆಂಡತಿ ಹೇಳಿದಳು. "ಯಾರು ಮೊದಲು ಬರ್ತಾರೋ ಅವರು. ನಿಮ್ಮನ್ನ ಕಾಯ್ತಾ ಕೂತ್ರೆ ಮಗು ಭಾಷಣ ಮುಗ್ಸಿ ಮದುವೆ ವಯಸ್ಸಿಗೆ ಬರತ್ತೆ ಕಣ್ರಿ."

ಮೂವರೂ ನಕ್ಕರು. ಆದರೆ ಆ ನಗುವಿನಲ್ಲೇ ಹೊಸಬ ತೀರ್ಮಾನ ಮಾಡಿದ್ದ. ಆ ಕುರ್ಚಿ ತನ್ನದು. ಒಂದೇ ಒಂದು ದಿನ ತಾನು ಮೊದಲು, ಭಾವ ಆಮೇಲೆ.

ಶುಕ್ರವಾರ ಬೆಳಿಗ್ಗೆ ಮಗಳು ಆಟವಾಡುವ ಹಳೆಯ ಫೋನನ್ನು ಅವಳಿಗೆ ಕಾಣದಂತೆ ಜೇಬಿಗೆ ಇಳಿಸಿದ. ಅದರ ಬೆನ್ನಿಗೆ ಮೊಲದ ಚಿತ್ರ ಅಂಟಿಸಿತ್ತು. ತನ್ನದೊಂದು, ಲ್ಯಾಬಿನವರು ಕೊಟ್ಟದ್ದೊಂದು, ಇದೊಂದು. ಮೂರಾಯಿತು.

ಲ್ಯಾಬಿನ ಕಡೆಯಿಂದ ಶಾಲೆಗೆ ಎರಡೇ ದಾರಿ. ಮಾರ್ಕೆಟ್ ರಸ್ತೆ ಹಿಡಿದರೆ ಮುಕ್ಕಾಲು ಗಂಟೆ. ಚರ್ಮದ ಕಾರ್ಖಾನೆಯ ಹಿಂದಿನ ಓಣಿ ಹಿಡಿದರೆ ಆರು ನಿಮಿಷ. ಭಾವ ದಿನವೂ ಹೋಗುತ್ತಿದ್ದದ್ದು ಓಣಿಯಲ್ಲಿ.

ಮಧ್ಯಾಹ್ನ ಹೊಸಬ ಓಣಿಯ ಬಾಯಲ್ಲಿ ಗಾಡಿ ನಿಲ್ಲಿಸಿ ಇಳಿದ. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಗಿತ್ತು, ವಾಸನೆ ಮಾತ್ರ ಕೆಲಸ ಬಿಟ್ಟಿರಲಿಲ್ಲ. ಹಸಿ ಚರ್ಮ, ಸುಣ್ಣ, ಕೊಳೆತ ನೀರು. ಎರಡೂ ಕಡೆ ಎತ್ತರದ ಗೋಡೆ, ನಡುಮಧ್ಯಾಹ್ನವೂ ನೆಲಕ್ಕೆ ಬಿಸಿಲಿಲ್ಲ. ಯಾವಾಗಲೋ ಕಿತ್ತು ಗೋಡೆಗೆ ಒರಗಿಸಿದ ಒಂದು ತುಕ್ಕು ಹಿಡಿದ ಗೇಟು. ಅದರ ಸರಳಿನಲ್ಲಿ ಕಪ್ಪಗೆ ಏನೋ ಸುತ್ತಿಕೊಂಡಿತ್ತು. ದಾರವೇ ಇರಬೇಕು ಎಂದು ಹೊಸಬ ತನಗೆ ತಾನೇ ಹೇಳಿಕೊಂಡ. ದಾರಕ್ಕೆ ತಲೆಗೆಣ್ಣೆಯ ವಾಸನೆ ಯಾಕೆ ಎಂದು ಕೇಳಿಕೊಳ್ಳಲಿಲ್ಲ.

ಮೊದಲ ಫೋನಿನಲ್ಲಿ ಒತ್ತಿದ. ರಸ್ತೆ ಮುಚ್ಚಿದೆ. ಗೇಟಿನ ಕಡೆ ಸರಕ್ ಎಂದಿತು. ಎರಡನೆಯದರಲ್ಲಿ ಒತ್ತಿದ. ಮತ್ತೆ ಸರಕ್. ಯಾರೋ ಹಲ್ಲಿನಿಂದ ಕಚ್ಚಿ ಗಂಟು ಬಿಗಿಯುವ ಸದ್ದು. ಮೊಲದ ಫೋನು ತೆಗೆದು ಗೇಟಿನ ಕಡೆ ಒಮ್ಮೆ ನೋಡಿದ, ಆದರೂ ಒತ್ತಿದ. ಮೂರೂ ಪರದೆಗಳ ಮೇಲೆ 'ಧನ್ಯವಾದ' ಎಂದು ಮೂಡಿತು. ಹೊಸಬ ಹಿಂದೆ ನೋಡದೆ ಗಾಡಿ ಹತ್ತಿದ.

ಮೂರೂಮುಕ್ಕಾಲಿಗೆ ಕೊನೆಯ ಡಬ್ಬಿ ಒಪ್ಪಿಸಿ ಲ್ಯಾಬು ಬಿಟ್ಟಾಗ ಫೋನು ಹೊಡೆದುಕೊಂಡಿತು.

"ಎಲ್ಲಿದೀಯಪ್ಪ?" ಭಾವ. ಹಿಂದೆ ನೂರಾರು ಹಾರನ್ನು.

"ಹೊರಟೆ ಭಾವ."

"ಓಣಿ ಮುಚ್ಚಿದೆ ಅಂತ ತೋರಿಸ್ತು. ಮಾರ್ಕೆಟ್ ಕಡೆ ತಿರುಗಿ ಸಿಕ್ಕಾಕೊಂಡೆ, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಬಿಡು. ಆ ಕುರ್ಚೀಲಿ ನೀನು ಕೂತ್ರೇ ಚಂದ. ನಾನು ಹಿಂದೆ ಎಲ್ಲಾದ್ರೂ ನಿಂತ್ಕೋತೀನಿ."

ಹೊಸಬ ಫೋನು ಇಟ್ಟ. ಕಷ್ಟಪಟ್ಟು ಗೆದ್ದ ಕುರ್ಚಿಯನ್ನೂ ಈ ಮನುಷ್ಯ ತಾನೇ ಬಿಟ್ಟುಕೊಟ್ಟಂತೆ ಮಾಡಿದ. ಆ ಸಿಟ್ಟಿನಲ್ಲೇ ಗಾಡಿಯನ್ನು ಓಣಿಗೆ ತಿರುಗಿಸಿದ.

ಓಣಿ ಖಾಲಿ. ಗೇಟು ಪಕ್ಕದಲ್ಲಿ ಸರಿದುಹೋಯಿತು. ಓಣಿ ಮುಗಿಯಲು ಆ್ಯಪು 'ಇನ್ನೂರು ಮೀಟರ್' ಎಂದಿತು. ಹೊಸಬ ಸೀಟಿ ಹಾಕಿದ. ಗೋಡೆ, ಗೋಡೆ, ಗೋಡೆ. ಮತ್ತೆ ಒಂದು ಗೇಟು. ಇನ್ನೂರು ಮೀಟರ್. ಕೌಂಟರಮ್ಮ ಹೇಳಿದ ಇನ್ನೊಂದು ತುದಿಯ ಗೇಟು ಇದೇ ಇರಬೇಕು ಎಂದುಕೊಂಡ. ಮೂರನೆಯದು ಬಂದಾಗ ಸೀಟಿ ನಿಂತಿತು. ಅದೇ ತುಕ್ಕು. ಅದೇ ಸರಳು. ಅದೇ ಕಪ್ಪು ಗಂಟು, ಈಗ ಹಸಿಯಾಗಿತ್ತು.

ಹಿಂದಕ್ಕೆ ತೆಗೆದ. ಹಿಂದೆಯೂ ಇನ್ನೂರು ಮೀಟರ್. ಹಿಂದೆಯೂ ಗೇಟು.

ಗಾಡಿ ನಿಲ್ಲಿಸಿದ. ಎಂಜಿನ್ನಿನ ಸದ್ದು ಅಡಗಿದ ಮೇಲೆ ಓಣಿ ಉಸಿರಾಡುವುದು ಕೇಳಿಸಿತು. ಫೋನು ಬೆಳಗಿತು. 'ಈ ರಸ್ತೆ ಇನ್ನೂ ಮುಚ್ಚಿದೆಯೇ?' ಹೊಸಬ 'ಇಲ್ಲ' ಎಂದು ಒತ್ತಿದ. ಮೂರೂ ಫೋನಿನಲ್ಲಿ ಒತ್ತಿದ. 'ಬೇರೆಯವರು ಖಚಿತಪಡಿಸಬೇಕು,' ಎಂದು ಬಂತು, ಮೂರರಲ್ಲೂ.

ಕೌಂಟರಮ್ಮನ ಮಾತು ನೆನಪಾಯಿತು. ಬೇರೆ ಯಾರೋ ಬರಬೇಕು. ಬೇರೆ ಯಾರೋ ಎಂದರೆ, ಈ ಓಣಿ ಗೊತ್ತಿದ್ದವನು, ಕರೆದರೆ ಎದ್ದುಬಿದ್ದು ಬರುವವನು, ಊರಲ್ಲಿ ಒಬ್ಬನೇ. ಭಾವನ ನಂಬರನ್ನು ಪರದೆಯ ಮೇಲೆ ತಂದ. ಹೆಬ್ಬೆರಳು ಅದರ ಮೇಲೆ ನಿಂತಿತು. ಭಾವ ಬಂದು ತನ್ನನ್ನು ಬಿಡಿಸುವುದು. ಬಿಡಿಸಿ, ಹೆಗಲ ಮೇಲೆ ಕೈ ಹಾಕಿ ಶಾಲೆಗೆ ಕರೆದೊಯ್ಯುವುದು. ಅದನ್ನು ಮಗಳು ನೋಡುವುದು. ಜೀವ ಹೋದರೂ ಬೇಡ ಎಂದುಕೊಂಡು ಹೊಸಬ ಬೆರಳು ತೆಗೆದ.

ಇಳಿದು ನಡೆದ. ನೂರು ಹೆಜ್ಜೆ ಎಣಿಸಿ ತಲೆ ಎತ್ತಿದರೆ ಪಕ್ಕದಲ್ಲೇ ತನ್ನ ಗಾಡಿ. ಓಡಿದ. ಗಾಡಿ. ಗೋಡೆ ಹತ್ತಲು ಹೋದ. ಉಗುರು ಮುರಿಯಿತು, ಸುಣ್ಣ ಕಣ್ಣಿಗೆ ಬಿತ್ತು, ಇಳಿದಾಗ ಪಕ್ಕದಲ್ಲಿ ಅದೇ ಗಾಡಿ. ಆಗ ಗೋಡೆಯ ಆಚೆಯಿಂದ ಚಪ್ಪಾಳೆ ಕೇಳಿಸಿತು. ಶಾಲೆ. ಇಷ್ಟು ಹತ್ತಿರ. ಮೈಕು ಕುಂಯ್ ಎಂದಿತು. ಆಮೇಲೆ ಮಗಳ ಧ್ವನಿ.

"ನನಗೆ ತುಂಬಾ ಇಷ್ಟವಾದ ವ್ಯಕ್ತಿ."

ಹೊಸಬ ಹಲ್ಲು ಕಚ್ಚಿಕೊಂಡ. ಗೊತ್ತಿತ್ತು. ಇದನ್ನು ಕೇಳಿಸುವುದಕ್ಕೇ ಓಣಿ ತನ್ನನ್ನು ಹಿಡಿದಿಟ್ಟಿದೆ.

"ನನಗೆ ತುಂಬಾ ಇಷ್ಟವಾದ ವ್ಯಕ್ತಿ ನನ್ನ ಅಪ್ಪ. ಎಲ್ಲರೂ ಅಪ್ಪನನ್ನು ಲೇಟು ಲೇಟು ಎಂದು ಆಡಿಕೊಳ್ಳುತ್ತಾರೆ. ಆದರೆ ಅಪ್ಪ ಬರದೇ ಇರುವುದಿಲ್ಲ. ಬಂದೇ ಬರುತ್ತಾರೆ."

ಗೋಡೆಗೆ ಹಣೆ ಒತ್ತಿ ಹೊಸಬ ಅತ್ತ. ಎಂಟು ವರ್ಷದಲ್ಲಿ ಒಂದು ಸಲವಾದರೂ ಅವಳನ್ನು ನೇರವಾಗಿ ಕೇಳಿದ್ದರೆ ಅವಳು ಹೇಳುತ್ತಿದ್ದಳು. ಅವನು ಕೇಳಿದ್ದು ಕುರ್ಚಿಯ ವಿಷಯ ಮಾತ್ರ. ಈಗ ನಾಚಿಕೆ ಬಿಟ್ಟು ಭಾವನ ನಂಬರು ಒತ್ತಿದ. ಸಿಗ್ನಲ್ ಇರಲಿಲ್ಲ.

ಎಷ್ಟು ಹೊತ್ತು ಕೂತಿದ್ದನೋ. ಮೇಲಿನ ಆಕಾಶದ ಪಟ್ಟಿ ಮಂಕಾಗುತ್ತಿತ್ತು. ಯಾರೋ ಗೇಟಿನ ಪಕ್ಕದಲ್ಲಿ ಕೂತು ಒಣಗಿದ ಗಂಟಲಲ್ಲಿ ಕೆಮ್ಮಿದರು. ಹೊಸಬ ಆ ಕಡೆ ನೋಡಲಿಲ್ಲ. ಆಗ ಓಣಿಯ ತುದಿಯಲ್ಲಿ ಗಾಡಿಯ ಸದ್ದು. ಭಾವನ ಗಾಡಿ. ಆ ಎಂಜಿನ್ನಿನ ಸದ್ದನ್ನು ಅವನು ನಿದ್ದೆಯಲ್ಲೂ ಗುರುತಿಸುತ್ತಿದ್ದ, ಅಷ್ಟು ದಿನ ಅದನ್ನು ಕೇಳಿ ಉರಿದಿದ್ದ.

ಎದ್ದು ನಡುರಸ್ತೆಯಲ್ಲಿ ನಿಂತು ಎರಡೂ ಕೈ ಬೀಸಿದ. ಗಾಡಿ ನಿಧಾನವಾಯಿತು. ಅವನ ಮಗ್ಗುಲಲ್ಲೇ ನಿಂತಿತು. ಮುಂದೆ ಭಾವ, ಪಕ್ಕದಲ್ಲಿ ಮಗಳು, ಹಿಂದೆ ಹೆಂಡತಿ. ಮಗಳ ಮಡಿಲಲ್ಲಿ ಬ್ಯಾಗು.

"ಕೊನೇವರೆಗೂ ಕುರ್ಚಿ ಮೇಲೆ ಬ್ಯಾಗ್ ಇಟ್ಟೇ ಇದ್ದೆ ದೊಡ್ಡಪ್ಪ," ಎನ್ನುತ್ತಿದ್ದಳು ಮಗಳು. "ಯಾರಿಗೂ ಕೊಡ್ಲಿಲ್ಲ."

"ಒಳ್ಳೇ ಕೆಲಸ ಮಾಡ್ದೆ," ಎಂದ ಭಾವ. ಅವನ ಫೋನು ಟಿಣ್ ಎಂದಿತು. "ಓಣಿ ನಿಜವಾಗ್ಲೂ ಮುಚ್ಚಿದೆಯಾ ನೋಡೋಣ ಅಂತ ಬಂದ್ರೆ ಮುಚ್ಚೇ ಇಲ್ಲ. ಇಲ್ಲೊಂದು ಗಾಡಿ ನಿಂತಿದೆಯಂತೆ. ಏನು ಕೇಳ್ತಿದೆ ಓದು."

ಮಗಳು ಓದಿದಳು. "ಇನ್ನೂ ಇದೆಯೇ?"

"ಇದೀನಿ," ಎಂದ ಹೊಸಬ. ಕಿಟಕಿಗೆ ಅಂಗೈ ಒತ್ತಿದ. "ಪುಟ್ಟಿ, ಇದೀನಿ. ಇಲ್ಲೇ ಇದೀನಿ." ಗಾಜು ಗುದ್ದಿದ. ಸದ್ದಾಗಲಿಲ್ಲ. ಭಾವನ ಹೆಸರು ಹಿಡಿದು ಕೂಗಿದ. ಹೆಂಡತಿಯನ್ನು ಕೂಗಿದ. ಬಾಯಿಯಿಂದ ಸುಣ್ಣದ ವಾಸನೆ ಬಂತು, ಧ್ವನಿ ಬರಲಿಲ್ಲ. ಮಗಳು ಕಿಟಕಿಗೆ ಮೂಗು ಒತ್ತಿ ನೋಡಿದಳು. ನೇರವಾಗಿ ಅವನ ಕಣ್ಣಿಗೆ ನೋಡಿದಳು. ಒಂದು ಗೇಣಿನ ದೂರ.

"ಸರಿಯಾಗಿ ನೋಡಿ ಒತ್ತು ಮಗಳೇ," ಎಂದ ಭಾವ. "ಸುಳ್ಳು ಒತ್ತಿದ್ರೆ ಹಿಂದೆ ಬರೋರಿಗೆ ತೊಂದ್ರೆ."

"ನೋಡ್ದೆ ದೊಡ್ಡಪ್ಪ."

ಅವಳು 'ಇಲ್ಲ' ಒತ್ತಿದಳು.

ಹೊಸಬನ ಬೆನ್ನ ಹಿಂದೆ ನಿಂತಿದ್ದ ಅವನ ಗಾಡಿ ಇದ್ದಕ್ಕಿದ್ದಂತೆ ಮಾಯವಾಯಿತು. ಜೇಬು ಹಗುರವಾಯಿತು, ಮೂರು ಫೋನೂ ಇರಲಿಲ್ಲ. ಕೈ ನೋಡಿಕೊಳ್ಳಲು ಹೋದ, ಕೈಯೂ ಇರಲಿಲ್ಲ. ಮುಂದೆ ಓಣಿ ತೆರೆದುಕೊಂಡು ದೊಡ್ಡ ರಸ್ತೆಯ ದೀಪಗಳು ಕಂಡವು. ಭಾವನ ಗಾಡಿ ಆ ಕಡೆ ಸಾಗಿತು.

"ಅಪ್ಪ ಎಲ್ಲಿದಾರಂತೆ ಅಮ್ಮ?"

"ದಾರೀಲಿರಬೇಕು ಬಿಡೇ. ಅವರದ್ದು ಇದ್ದಿದ್ದೇ."

"ಮನೇಲಿ ಬಾಗಿಲು ಹಾಕೋದು ಬೇಡ," ಎಂದಳು ಮಗಳು. "ಬಂದೇ ಬರ್ತಾರೆ."