ಇಬ್ಬರ ಡೇರೆ

“ಮೇಷ್ಟ್ರೇ, ನಿಮ್ಮ ಡೇರೆ ಸತ್ತುಹೋಗಿದೆ. ತಗೊಂಡ್ಹೋಗಿ ಮಣ್ಣು ಮಾಡಿ!”

ತುದಾ ಅವನಿಗೆ ಆಡಿದ ಮೊದಲ ಮಾತೇ ಅದು.

ಮಿದೆಲ್ಟ್ ಊರಿನ ಸಂತೆಬೀದಿಯಲ್ಲಿ ಅವಳ ಸೋದರತ್ತೆಯ ಡೇರೆ ಅಂಗಡಿ. ಅಪ್ಪ ಬೆಟ್ಟದಾಚೆಯ ಬಯಲಲ್ಲಿ ಕುರಿ ಮೇಯಿಸುತ್ತಿದ್ದ. ಹರಿದದ್ದನ್ನು ಹೊಲಿಯುವುದು, ಹೊಸದನ್ನು ಮಾರುವುದು ತುದಾಳ ಕೆಲಸ. ಎದುರಿಗೆ ನಿಂತಿದ್ದವನು ಅಮ್ನಾಯ್... ಬೆಟ್ಟದಾಚೆಯ ಕುರಿಗಾಹಿಗಳ ಮಕ್ಕಳಿಗೆ ಅಕ್ಷರ ಕಲಿಸಲು ಸೈಕಲ್ ತುಳಿದುಕೊಂಡು ಹೋಗುವ ಮೇಷ್ಟ್ರು. ಮೈಯೆಲ್ಲ ಧೂಳು. ನಕ್ಕರೆ ಹಲ್ಲು ಮಾತ್ರ ಬಿಳಿ.

“ಅಷ್ಟು ಸುಲಭಕ್ಕೆ ಸಾಯೋದಲ್ಲ ಅದು. ಒಂದು ಹೊಲಿಗೆ ಹಾಕಿ ನೋಡಿ.”

ಹಾಕಿದಳು. ಹದಿನೈದು ದಿನಕ್ಕೆ ಅದೇ ಜಾಗ ಹರಿದುಕೊಂಡು ಬಂದ. ಮತ್ತೆ ಹಾಕಿದಳು. ಮೂರನೇ ಸಲ ನೋಡಿದರೆ ಅದು ಹರಿದದ್ದಲ್ಲ, ಕತ್ತರಿಯಲ್ಲಿ ಕತ್ತರಿಸಿದ್ದು!

ಹೊಲಿಗೆಯವಳ ಕಣ್ಣಿಗೆ ತಿಳಿಯದೆ ಇರುತ್ತದೆಯೇ? ಸುಮ್ಮನೆ ಹೊಲಿದು ಕೊಟ್ಟಳು. ಆ ವಾರವೆಲ್ಲ ಅವಳ ಚಹಾಕ್ಕೆ ಸಕ್ಕರೆಯೇ ಬೇಕಾಗಲಿಲ್ಲ.

ಚಳಿ ಇಳಿಯುವ ಹೊತ್ತಿಗೆ ಅವನು ಹೊಸ ಡೇರೆ ಬೇಕೆಂದು ಬಂದ. ತುದಾ ಎರಡನ್ನು ಬಿಚ್ಚಿ ಹಾಸಿದಳು.

“ಇದು ಕೋಲುಗಳ ಮೇಲೆ ತಾನೇ ನಿಲ್ಲುತ್ತೆ. ಆದ್ರೆ ಭಾರ. ಅದು ಹಗುರ, ಗೂಟ ಹೊಡೆದು ಎಳೆದು ಕಟ್ಟಬೇಕು. ಏರು ತುಳಿಯೋ ಕಾಲು ನಿಮ್ಮದು, ನೀವೇ ಹೇಳಿ.”

“ಹಗುರದ್ದೇ ಕೊಡಿ. ಆದ್ರೆ... ಇಬ್ಬರು ಮಲಗುವಂಥದ್ದು.”

ತುದಾಳ ಕೈ ಅಲ್ಲೇ ನಿಂತಿತು. “ಇಬ್ಬರು?”

“ಹೂಂ. ಬೇಸಿಗೆ ಹೊತ್ತಿಗೆ ಒಬ್ಬನೇ ಇರಲ್ಲ ಅಂದ್ಕೊಂಡಿದೀನಿ.” ಅವನು ನೆಲ ನೋಡಿ ನಕ್ಕ.

ಓ! ಯಾರನ್ನೋ ಗೊತ್ತುಮಾಡಿಕೊಂಡಿದ್ದಾನೆ... ಒಂದು ಕತ್ತರಿ ಗುರುತು ನೋಡಿ ಮನಸ್ಸಲ್ಲೇ ಮನೆ ಕಟ್ಟಿದವಳು ನಾನೇ ಹುಚ್ಚಿ!

ಹಳದಿ ಡೇರೆಯನ್ನು ಮಡಿಸಿ ಅವನ ಎದೆಗೇ ತಳ್ಳಿದಳು. “ಹಿಡೀರಿ. ನಿಮ್ಮಾಕೆಗೆ ಶೀತ ಆಗದಿರಲಿ!”

“ತುದಾ, ಸ್ವಲ್ಪ ಕೇಳಿ...”

“ಸಂಜೆ ಆಯ್ತು, ಅಂಗಡಿ ಮುಚ್ಚಬೇಕು.”

“ಇನ್ನೂ ಮಧ್ಯಾಹ್ನ!”

“ನಮ್ಮಲ್ಲಿ ಈಗಲೇ ಸಂಜೆ!”

ಅವನು ಹೊರಟುಹೋದ. ಅವಳು ಹೇಳಬೇಕಾಗಿದ್ದ ಒಂದು ಮಾತು ಅವಳ ಬಾಯಲ್ಲೇ ಉಳಿಯಿತು.

ಬೆಟ್ಟದಾಚೆಯ ಬಯಲೆಲ್ಲ ಬರೀ ಬಂಡೆ. ಗೂಟ ಬೆರಳುದ್ದವೂ ಇಳಿಯದು. ಅಲ್ಲಿ ಹಗ್ಗವನ್ನು ಕಲ್ಲಿಗೆ ಸುತ್ತಿ, ಅದರ ಮೇಲೆ ದೊಡ್ಡ ಕಲ್ಲು ಹೇರಬೇಕು. ಗೂಟದ ಡೇರೆ ಕೊಂಡವರಿಗೆಲ್ಲ ಅಂಗಡಿಯ ನೆಲದಲ್ಲೇ ಅದನ್ನು ಕಟ್ಟಿ ತೋರಿಸಿ ಕಳಿಸುವುದು ಅತ್ತೆಯ ಕಾಲದಿಂದ ಬಂದ ರೂಢಿ. ಅಂದು ಒಬ್ಬನಿಗೆ, ಇಷ್ಟು ದಿನ ಕೋಲಿನ ಡೇರೆಯನ್ನೇ ಬಳಸಿದವನಿಗೆ ಮಾತ್ರ ತೋರಿಸಲಿಲ್ಲ.

ಮೂರನೇ ದಿನ ಗಾಳಿ ಎದ್ದಿತು. ಗಾಳಿಯ ಬೆನ್ನಿಗೇ ಹಿಮ.

ಮರುದಿನ ಮಧ್ಯಾಹ್ನ ಮೇವಿನ ಲಾರಿಯವನು ಅಂಗಡಿಗೆ ಬಂದು ಒಂದು ಬಟ್ಟೆಯ ಮುದ್ದೆ ಇಟ್ಟ. ಹಳದಿ ಬಟ್ಟೆ!

“ಮುಳ್ಳುಪೊದೆಗೆ ಸುತ್ತಿಕೊಂಡಿತ್ತು ತಂಗಿ. ನೋಡು, ಗೂಟಗಳು ಇನ್ನೂ ಹಗ್ಗದಲ್ಲೇ ಇವೆ. ಮನುಷ್ಯ ಮಾತ್ರ ಕಾಣಲಿಲ್ಲ.”

ತುದಾ ಗೂಟಗಳನ್ನು ಮುಟ್ಟಿ ನೋಡಿದಳು. ಒಂದಕ್ಕೂ ಮಣ್ಣು ಹತ್ತಿರಲಿಲ್ಲ...

“ನನ್ನನ್ನ ಅಲ್ಲಿಗೆ ಕರ್ಕೊಂಡ್ಹೋಗಿ ಅಣ್ಣಾ!”

ಬಯಲಿನಲ್ಲಿ ಸೈಕಲ್ ಸಿಕ್ಕಿತು. ಮುಂದಿನ ಚಕ್ರ ಸೊಟ್ಟಗಾಗಿ, ಅರ್ಧ ಹಿಮದಲ್ಲಿ ಹೂತಿತ್ತು. ಅವಳು ಬರಿಗೈಯಲ್ಲಿ ಸುತ್ತಲೂ ಕೆದಕಿದಳು. ಕಲ್ಲು... ಹಿಮ... ಮತ್ತೆ ಕಲ್ಲು. ಅವನ ಹೆಸರು ಕೂಗಿ ಕೂಗಿ ಗಂಟಲು ಕಟ್ಟಿತು. ಹೆಜ್ಜೆ ಗುರುತನ್ನೂ ಗಾಳಿ ಉಳಿಸಿರಲಿಲ್ಲ.

“ನಾನೇ ಕೊಂದೆ... ಒಂದು ಮಾತು ನುಂಗಿ ಅವರನ್ನೇ ಕೊಂದುಬಿಟ್ಟೆ!”

“ಏಳು ತಂಗಿ,” ಲಾರಿಯವನು ರಟ್ಟೆ ಹಿಡಿದು ಎಬ್ಬಿಸಿದ. “ನಿಮ್ಮಪ್ಪನ ಗುಡಾರ ಇಲ್ಲೇ ದಿಬ್ಬದ ಹಿಂದೆ. ಜನ ಕರ್ಕೊಂಡು ಹುಡುಕೋಣ.”

ಆಡುಗೂದಲಿನ ಕರಿಗುಡಾರದ ಬಾಗಿಲಲ್ಲಿ ಅಪ್ಪ ಲಹ್ಸೆನ್ ತಲೆ ಕೆರೆದುಕೊಳ್ಳುತ್ತಾ ನಿಂತಿದ್ದ.

“ಸರಿಹೊತ್ತಿಗೆ ಬಂದೆ ಮಗಳೇ! ಈ ಹುಚ್ಚನನ್ನ ಏನು ಮಾಡೋದು ಹೇಳು. ಬೆಳಗ್ಗೆ ತೆವಳಿಕೊಂಡು ಬಂದು ನಡುಗಂಬ ತಬ್ಬಿದವನು ಬಿಡ್ತಾನೇ ಇಲ್ಲ! ಸಾರು ಕೊಟ್ಟೆ, ಕಂಬಳಿ ಹೊದಿಸಿದೆ. ಇನ್ನೇನಪ್ಪಾ ಬೇಕು ಅಂದ್ರೆ, ‘ಮೊದಲು ತುದಾನ ಕರೆಸಿ’ ಅಂತಾನೆ!”

ಗುಡಾರದ ನಡುಗಂಬ ಹಿಡಿದು ಬೇಡಿದವನನ್ನು ಬರಿಗೈಯಲ್ಲಿ ಕಳಿಸಿದರೆ ಆ ಮನೆಗೇ ಅವಮಾನ. ಅಪ್ಪನ ಸಂಕಟ ಅದು.

ತುದಾ ಒಳಗೆ ನುಗ್ಗಿದಳು. ಕಂಬಕ್ಕೆ ಒರಗಿ ಕೂತಿದ್ದ ಅಮ್ನಾಯ್. ಬೆರಳುಗಳಿಗೆಲ್ಲ ಬಟ್ಟೆ ಸುತ್ತಿತ್ತು. ತುಟಿ ಒಡೆದಿತ್ತು. ಆದರೆ... ಉಸಿರಾಡುತ್ತಿದ್ದ!

“ಸತ್ತೇ ಹೋದ್ರಿ ಅಂದ್ಕೊಂಡೆ!” ಅವಳು ಅವನ ಎದುರಿಗೇ ಕೂತಳು.

“ಸತ್ತಿದ್ದು ಡೇರೆ. ಮಣ್ಣು ಮಾಡೋಣ ಅಂದ್ರೆ ಎಲ್ಲಾ ಕಲ್ಲು.”

“ನಗಿಸಬೇಡಿ! ಕಲ್ಲಿಗೆ ಹಗ್ಗ ಸುತ್ತೋದು ನಾನು ತೋರಿಸಲಿಲ್ಲ. ಮರೆತಿದ್ದಲ್ಲ, ಸಿಟ್ಟು... ನಿಮ್ಮಾಕೆ ಯಾರೋ ಅಂತ ಹೊಟ್ಟೆಕಿಚ್ಚು...”

“ಕತ್ತರಿ ಗುರುತು ನೋಡಿಯೂ ಯಾರು ಅಂತ ಕೇಳ್ತೀರಾ? ಇಲ್ಲಿಗೇ, ನಿಮ್ಮಪ್ಪನ್ನ ಕೇಳೋಕೇ ಹೊರಟಿದ್ದೆ. ಆದ್ರೆ ನಿಮ್ಮನ್ನ ಕೇಳದೆ ಬೇಡಿಕೆ ಹೇಳಿ ಅವರನ್ನ ಕಟ್ಟಿಹಾಕಬಾರದು ಅನ್ನಿಸ್ತು.”

ಅಪ್ಪ ಕೆಮ್ಮಿದ. “ಕಂಬ ಹಿಡಿದಿದ್ದಾನೆ, ನನ್ನ ಬಾಯಿ ಕಟ್ಟಿದೆ. ನೀನೇ ಹೇಳಮ್ಮ.”

ತುದಾ ಹತ್ತಿರ ಸರಿದಳು. ಬಟ್ಟೆ ಸುತ್ತಿದ ಆ ಬೆರಳುಗಳ ಪಕ್ಕದಲ್ಲೇ ತಾನೂ ಕಂಬ ಹಿಡಿದಳು.

ಅಪ್ಪ ಮುಖ ತಿರುಗಿಸಿ, ಕಣ್ಣೊರೆಸಿಕೊಂಡು, ಚಹಾದ ಪಾತ್ರೆ ಹುಡುಕತೊಡಗಿದ.

“ಈ ಸಲ ತಾನೇ ನಿಲ್ಲೋ ಡೇರೆ ತಗೊಳ್ಳೋಣ,” ಅಂದಳು ಮೆಲ್ಲಗೆ.

“ಅದು ಭಾರ ಅಂದಿದ್ರಿ?”

“ನಾನೂ ತುಳೀತೀನಲ್ಲ...”