ದ್ರಾಕ್ಷಿತೋಟದ ಸುಣ್ಣದ ಗೆರೆ

೧೯೪೭ರ ಅಕ್ಟೋಬರ್ ೯, ಬೆಳಿಗ್ಗೆ ೭.೪೦. ಗೊರೀಜಿಯಾದ ಹೊರವಲಯದ ಠಾಣೆಗೆ ಮಿಲ್ಕಾ ಬ್ರಾಯ್ನಿಕ್ ಓಡಿಬಂದಳು. ಮೊಣಕೈವರೆಗೆ ರಕ್ತ. ಗಂಡ ಸ್ತಾಂಕೊನನ್ನು ತೋಟದಲ್ಲಿ ಯಾರೋ ಕೊಚ್ಚಿ ಹಾಕಿದ್ದಾರೆಂದು ದೂರು ಕೊಟ್ಟಳು. ಇನ್ಸ್‌ಪೆಕ್ಟರ್ ಫುರ್ಲಾನ್ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ವಿದಿಚ್‌ನೊಂದಿಗೆ ಅವಳನ್ನೂ ಕರೆದುಕೊಂಡು ಹೊರಟ.

ಶವ ದ್ರಾಕ್ಷಿ ಸಾಲುಗಳ ನಡುವೆ ಬೋರಲು ಬಿದ್ದಿತ್ತು. ಕುತ್ತಿಗೆಗೆ ಎರಡು ಏಟು, ತಲೆಗೆ ಮೂರು. ಎಡಗೈಯ ಬೆರಳುಗಳು ತುಂಡಾಗಿ ಬಿದ್ದಿದ್ದವು. ಹನ್ನೆರಡು ಹೆಜ್ಜೆ ಆಚೆ, ಯುದ್ಧಾನಂತರದ ಪ್ಯಾರಿಸ್ ಒಪ್ಪಂದದಂತೆ ಮೂರು ವಾರದ ಹಿಂದೆ ಎಳೆದ ಸುಣ್ಣದ ಗೆರೆ. ಈಚೆ ಇಟಲಿ, ಆಚೆ ಯುಗೊಸ್ಲಾವಿಯ. ಸ್ತಾಂಕೊನ ಮನೆ ಈಚೆ, ಅರ್ಧ ತೋಟ ಆಚೆ.

ಪಂಚನಾಮೆ ನಡೆಯುತ್ತಿದ್ದಾಗ ಗೆರೆಯಾಚೆಯ ಹುಲ್ಲಿನಲ್ಲಿ ಮಚ್ಚೊಂದು ವಿದಿಚ್‌ನ ಕಣ್ಣಿಗೆ ಬಿತ್ತು. ಗೆರೆ ದಾಟುವಂತಿರಲಿಲ್ಲ. ಅವನು ಆಚೆಯ ಕಾವಲುಗಾರನನ್ನು ಕೂಗಿದ.

“ಏ ತಮ್ಮಾ, ಆ ಮಚ್ಚು ಸ್ವಲ್ಪ ಈಕಡೆ ಎಸಿಯಪ್ಪಾ.”

“ಆಗಲ್ಲಣ್ಣ. ನಮ್ಮ ನೆಲದಲ್ಲಿ ಬಿದ್ದಿದೆ, ನಮ್ದೇ.”

“ಆಯ್ತು ಮಾರಾಯ, ನೀನೇ ಇಟ್ಕೊ! ಹಿಡಿ ಮೇಲೆ ಏನಾದ್ರೂ ಬರೆದಿದ್ಯಾ, ಅಷ್ಟು ಹೇಳು.”

ಅವನು ಮಚ್ಚನ್ನು ಎತ್ತಿ ತಿರುಗಿಸಿ ನೋಡಿದ. “ಸುಟ್ಟು ಬರೆದಿದ್ದಾರೆ. ಕೊಮೆಲ್ ಅಂತ.”

ಲೋಯ್ಜೆ ಕೊಮೆಲ್ ಸ್ತಾಂಕೊನ ಪಕ್ಕದ ಮನೆಯವನು. ಫುರ್ಲಾನ್ ಮಿಲ್ಕಾಳತ್ತ ತಿರುಗಿದ.

“ಲೋಯ್ಜೆಗೂ ನಿಮ್ಮ ಯಜಮಾನರಿಗೂ ಏನು ದ್ವೇಷ?”

ಅವಳು ಗೆರೆಯಾಚೆಯ ಪೊದೆಗಳತ್ತ ನೋಡಿದಳು.

“ಹೇಳಮ್ಮಾ.”

“ಅವನ ಹೆಂಡ್ತಿ ಇವಾಂಕಾ, ತಾಯಿಗೆ ಹುಷಾರಿಲ್ಲ ಅಂತ ಆಚೆ ಊರಿಗೆ ಹೋಗಿದ್ಲು ಸರ್. ಅಷ್ಟರಲ್ಲಿ ಗೆರೆ ಬಿತ್ತು. ಹೋದ ಭಾನುವಾರ ನಮ್ಮ ತೋಟದಲ್ಲೇ ನುಸುಳಿ ಮನೆಗೆ ಬರ್ತಿದ್ಲು. ಗೊತ್ತಾದ್ರೆ ಆಚೆ ತೋಟಕ್ಕೆ ಹೋಗೋಕೆ ಕೊಟ್ಟಿರೋ ನಮ್ಮ ಪಾಸ್ ಕಿತ್ಕೋತಾರೆ ಅಂತ ಇವರು ಕಾವಲಿನವರನ್ನ ಕೂಗಿದ್ರು. ಅವಳು ಹೆದರಿ ಆಚೆ ಪೊದೆ ಕಡೆ ಓಡಿದ್ಲು. ಅಲ್ಲಿ ಯುದ್ಧದಲ್ಲಿ ಹೂತಿಟ್ಟ ಬಾಂಬ್ ಇತ್ತು.”

೧೧.೧೫ಕ್ಕೆ ಲೋಯ್ಜೆ ತನ್ನ ಕೊಟ್ಟಿಗೆಯಲ್ಲಿ ಸಿಕ್ಕ. ಗುದ್ದಲಿ ಬೀಸಿ ವಿದಿಚ್‌ನ ಭುಜದ ಮೂಳೆ ಮುರಿದ. ಫುರ್ಲಾನ್ ರಿವಾಲ್ವರಿನ ಹಿಡಿಯಿಂದ ಅವನ ಮುಖಕ್ಕೆ ಎರಡು ಸಲ ಗುದ್ದಿ, ಕೆಡವಿ, ಬೇಡಿ ಹಾಕಿದ.

“ಯಾಕೋ ಕೊಂದೆ?”

ಲೋಯ್ಜೆ ಬಾಯಿಯ ರಕ್ತ ಉಗುಳಿದ. “ಅವಳನ್ನ ಆಚೆನೇ ಮಣ್ಣು ಮಾಡಿದ್ರು. ಒಂದ್ಸಲ ಮುಖ ತೋರಿಸಿ ಅಂತ ಗೆರೆ ಹತ್ರ ನಿಂತು ಬೇಡ್ಕೊಂಡೆ. ಬಿಡ್ಲಿಲ್ಲ. ಇವತ್ತು ಬೆಳಿಗ್ಗೆ ಸ್ತಾಂಕೊ ಪಾಸ್ ತೋರಿಸಿ ಆಚೆ ಹೋಗಿ, ಒಂದು ಬುಟ್ಟಿ ದ್ರಾಕ್ಷಿ ಕೊಯ್ಕೊಂಡು ಬಂದ. ‘ಈ ಸಲ ಬೆಳೆ ಚೆನ್ನಾಗಿದೆ ಕಣೋ’ ಅಂದ ಸರ್.”

ಠಾಣೆಯಲ್ಲಿ ಹೇಳಿಕೆಗೆ ಸಹಿ ಹಾಕಿದ ಮೇಲೆ ಅವನು ಕೇಳಿದ್ದು ಒಂದೇ ಮಾತು: “ನನ್ನನ್ನ ಆಚೆ ಜೈಲಿಗೆ ಹಾಕೋಕಾಗುತ್ತಾ ಸರ್?”

ಆಗುವುದಿಲ್ಲ ಎಂದ ಫುರ್ಲಾನ್.